ಗದಗ ಜಿಲ್ಲೆಯಲ್ಲಿ ತಳಮಟ್ಟದ ತಂತ್ರಜ್ಞಾನ ಶಿಕ್ಷಣಕ್ಕೆ ಅನುದಾನ

ತಳಮಟ್ಟದ ತಂತ್ರಜ್ಞಾನ ಶಿಕ್ಷಣಕ್ಕೆ ಅನುದಾನ ಎಂಬುದು ಶಾಲೆ, ಗ್ರಂಥಾಲಯ, ಯುವ ಸಂಘ ಅಥವಾ ಸಮುದಾಯ ಭವನದ ಮಟ್ಟದಲ್ಲಿ ಮಕ್ಕಳಿಗೂ ಯುವಜನರಿಗೂ ಕಂಪ್ಯೂಟರ್ ಬಳಕೆ, ಪ್ರೋಗ್ರಾಮಿಂಗ್, ಎಲೆಕ್ಟ್ರಾನಿಕ್ಸ್ ಮೊದಲಾದ ಕೌಶಲಗಳನ್ನು ಕಲಿಸುವ ಕಾರ್ಯಕ್ರಮಗಳಿಗೆ ಸರ್ಕಾರ, ಕಂಪನಿ, ಪ್ರತಿಷ್ಠಾನ ಅಥವಾ ಸಾರ್ವಜನಿಕರಿಂದ ದೊರೆಯುವ, ಹಿಂದಿರುಗಿಸಬೇಕಾಗಿಲ್ಲದ ಧನಸಹಾಯವಾಗಿದೆ. ಇಂತಹ ಅನುದಾನದ ಮೂಲಗಳು, ಅದನ್ನು ಪಡೆಯಲು ಬೇಕಾದ ಕಾನೂನು ಅರ್ಹತೆಗಳು ಮತ್ತು ಅದರ ಮಿತಿಗಳನ್ನು ಈ ಲೇಖನವು ಕರ್ನಾಟಕದ ಗದಗ ಜಿಲ್ಲೆಯ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಪಟ್ಟಣಗಳನ್ನು ಮುಂದಿಟ್ಟುಕೊಂಡು ವಿವರಿಸುತ್ತದೆ. ಯಂತ್ರಗಳನ್ನು ಕೊಳ್ಳಲು ಒಮ್ಮೆ ದೊರೆಯುವ ಹಣಕ್ಕಿಂತ ಬೋಧಕರ ವೇತನ, ವಿದ್ಯುತ್, ದುರಸ್ತಿಗಳಂತಹ ಆವರ್ತಕ ವೆಚ್ಚಕ್ಕೆ ಹಣ ಹೊಂದಿಸುವುದೇ ಇಂತಹ ಕಾರ್ಯಕ್ರಮಗಳ ಮುಖ್ಯ ಸವಾಲಾಗಿದೆ.

ಹಿನ್ನೆಲೆ

ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ ಸುಮಾರು 10.6 ಲಕ್ಷ, ಜಿಲ್ಲಾ ಕೇಂದ್ರವಾದ ಗದಗ-ಬೆಟಗೇರಿ ಅವಳಿ ನಗರದ ಜನಸಂಖ್ಯೆ ಸುಮಾರು 1.7 ಲಕ್ಷ. ಗದಗವು ಮುದ್ರಣಾಲಯಗಳಿಗೂ ಬೆಟಗೇರಿಯು ನೇಕಾರಿಕೆಗೂ ಹೆಸರಾಗಿವೆ. ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಒಣಬೇಸಾಯದ ಹಳ್ಳಿಗಳಿಂದ ಸುತ್ತುವರಿದ ತಾಲ್ಲೂಕು ಕೇಂದ್ರಗಳು. ಇವುಗಳಲ್ಲಿ ಲಕ್ಷ್ಮೇಶ್ವರವು ಶಿರಹಟ್ಟಿ ತಾಲ್ಲೂಕಿನಿಂದ ಬೇರ್ಪಟ್ಟು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಆದ್ದರಿಂದ 2011ರ ಜನಗಣತಿಯ ಕೋಷ್ಟಕಗಳಲ್ಲಿ ಲಕ್ಷ್ಮೇಶ್ವರ ಭಾಗದ ಹಳ್ಳಿಗಳು ಶಿರಹಟ್ಟಿಯ ಲೆಕ್ಕದಲ್ಲೇ ಸಿಗುತ್ತವೆ. ತಾಲ್ಲೂಕುವಾರು ಅಂಕಿ ಅಂಶಗಳನ್ನು ಕೇಳುವ ಅರ್ಜಿಗಳಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕಾಗುತ್ತದೆ.

ಹಿಂದುಳಿದ ಪ್ರದೇಶಗಳಿಗೆಂದು ಮೀಸಲಾದ ಎರಡು ಪ್ರಮುಖ ವ್ಯವಸ್ಥೆಗಳಿಂದ ಈ ಜಿಲ್ಲೆಯು ಹೊರಗುಳಿದಿದೆ. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ವಿಶೇಷ ಸ್ಥಾನಮಾನ ಪಡೆದ ಕಲ್ಯಾಣ ಕರ್ನಾಟಕದಲ್ಲಿ ಮುಂಡರಗಿಯ ನೆರೆಯ ಕೊಪ್ಪಳ ಜಿಲ್ಲೆ ಸೇರಿದೆ, ಗದಗ ಸೇರಿಲ್ಲ. ಹೀಗಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವು ಗಡಿಯಾಚೆಯ ಶಾಲೆಗೆ ದೊರೆತರೂ ಈಚೆಯ ಶಾಲೆಗೆ ದೊರೆಯುವುದಿಲ್ಲ. ಕೇಂದ್ರ ಸರ್ಕಾರವು 2018ರಲ್ಲಿ ಆರಂಭಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದವು ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳು ಮಾತ್ರ. ಹಣ ಹಂಚುವಾಗ ಈ ಪಟ್ಟಿಯನ್ನು ಮಾನದಂಡವಾಗಿಟ್ಟುಕೊಳ್ಳುವ ದಾನಿಗಳ ಮುಂದೆ ಗದಗದ ಸಂಸ್ಥೆಗಳು ತಮ್ಮ ಅಗತ್ಯವನ್ನು ಹಳ್ಳಿ ಮತ್ತು ಶಾಲಾ ಮಟ್ಟದ ಮಾಹಿತಿಯಿಂದಲೇ ತೋರಿಸಬೇಕಾಗುತ್ತದೆ.

ಅನುಕೂಲಕರ ಅಂಶಗಳೂ ಇವೆ. ಗದಗದ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು, ಹುಲಕೋಟಿಯ ರೂರಲ್ ಎಂಜಿನಿಯರಿಂಗ್ ಕಾಲೇಜು ಮತ್ತು ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜುಗಳಿಂದ ತಾಂತ್ರಿಕ ಜ್ಞಾನವುಳ್ಳ ಸ್ವಯಂಸೇವಕರು ದೊರೆಯಲು ಸಾಧ್ಯವಿದೆ. 2016ರ ರಾಜ್ಯ ಕಾಯ್ದೆಯ ಮೂಲಕ ಸ್ಥಾಪನೆಯಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೂ ಗದಗದಲ್ಲಿದೆ. ಜಿಲ್ಲೆಗೆ ಸಾರ್ವಜನಿಕ ಸಂಘಟನೆಯ ದೀರ್ಘ ಪರಂಪರೆ ಇದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ನೋಂದಣಿಯಾದ ಕೃಷಿ ಪತ್ತಿನ ಸಂಘವು ಭಾರತದ ಮೊದಲ ಸಹಕಾರಿ ಸಂಘಗಳಲ್ಲೊಂದೆಂದು ಗುರುತಿಸಲ್ಪಟ್ಟಿದೆ.

ಹಿಂದಿನ ಕಾರ್ಯಕ್ರಮಗಳು

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣವು ದೊಡ್ಡ ಪ್ರಮಾಣದಲ್ಲಿ ಬಂದದ್ದು 2000ರ ದಶಕದ ಆರಂಭದ 'ಮಾಹಿತಿ ಸಿಂಧು' ಯೋಜನೆಯ ಮೂಲಕ. ಕೇಂದ್ರ ಸರ್ಕಾರವು 2004ರಲ್ಲಿ ಶಾಲೆಗಳಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಯೋಜನೆಯನ್ನು ಜಾರಿಗೆ ತಂದಿತು. ಇದರ ಅನುಷ್ಠಾನದಲ್ಲಿ ಹಲವು ರಾಜ್ಯಗಳು 'ಬೂಟ್' ಮಾದರಿಯನ್ನು ಅನುಸರಿಸಿದವು. ಈ ಮಾದರಿಯಲ್ಲಿ ಖಾಸಗಿ ಸಂಸ್ಥೆಯೊಂದು ಪ್ರಯೋಗಾಲಯವನ್ನು ಸಜ್ಜುಗೊಳಿಸಿ, ಬೋಧಕರನ್ನು ನೇಮಿಸಿ, ಸಾಮಾನ್ಯವಾಗಿ ಐದು ವರ್ಷ ನಡೆಸಿ, ಬಳಿಕ ಯಂತ್ರಗಳನ್ನು ಶಾಲೆಗೆ ಹಸ್ತಾಂತರಿಸುತ್ತದೆ. ಗುತ್ತಿಗೆ ಮುಗಿದೊಡನೆ ಬೋಧಕರು ನಿರ್ಗಮಿಸುವುದು, ಅಷ್ಟರಲ್ಲಿ ಯಂತ್ರಗಳ ಆಯುಸ್ಸೂ ತೀರುತ್ತ ಬರುವುದು ಈ ಮಾದರಿಯ ಮೇಲಿನ ಮುಖ್ಯ ಆಕ್ಷೇಪ.

ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಹೊರಗುತ್ತಿಗೆಯ ಈ ಮಾದರಿಯನ್ನು ಕೇರಳದ 'ಐಟಿ@ಸ್ಕೂಲ್' ಯೋಜನೆಯೊಂದಿಗೆ ಹೋಲಿಸಿ ಅಧ್ಯಯನ ನಡೆಸಿದೆ. 2001ರಲ್ಲಿ ಆರಂಭವಾದ ಕೇರಳದ ಯೋಜನೆಯು ಶಾಲೆಯ ಶಿಕ್ಷಕರಿಗೇ ತರಬೇತಿ ನೀಡಿ, ಸ್ವತಂತ್ರ ತಂತ್ರಾಂಶಗಳನ್ನು ಅಳವಡಿಸಿಕೊಂಡಿತು. ಅದು 2017ರಲ್ಲಿ 'ಕೈಟ್' ಎಂಬ ಸರ್ಕಾರಿ ಸ್ವಾಮ್ಯದ ಸಂಸ್ಥೆಯಾಗಿ ರೂಪುಗೊಂಡಿತು. 2018ರಿಂದ 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿ ಕ್ಲಬ್‌ಗಳನ್ನೂ ನಡೆಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಲಭ್ಯವಿವೆ. ಹಣದ ಮೊತ್ತಕ್ಕಿಂತ ಅದನ್ನು ಯಾರ ಕೌಶಲ ಹೆಚ್ಚಿಸಲು ವ್ಯಯಿಸಲಾಗಿದೆ ಎಂಬುದು ಕಾರ್ಯಕ್ರಮದ ಬಾಳಿಕೆಯನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಈ ಹೋಲಿಕೆಯನ್ನು ಉದಾಹರಿಸಲಾಗುತ್ತದೆ.

ಅತಿ ಕಡಿಮೆ ವೆಚ್ಚದ ಮಾದರಿಗೆ ಬೆಂಗಳೂರಿನ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರವು ನಿದರ್ಶನವಾಗಿದೆ. ಅಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಸ್ವಯಂಸೇವಕರು ಕೊಳೆಗೇರಿಯ ಮಕ್ಕಳಿಗೆ ದಾನವಾಗಿ ಬಂದ ಕಂಪ್ಯೂಟರ್‌ಗಳಲ್ಲಿ ಗ್ನೂ/ಲಿನಕ್ಸ್ ಅಳವಡಿಸಿ ಕಲಿಸಿದರು.

ಕಾನೂನು ಅರ್ಹತೆಗಳು

ನೋಂದಣಿ

ನೋಂದಣಿಯಾಗದ ಗುಂಪು ಸಾಂಸ್ಥಿಕ ಅನುದಾನ ಪಡೆಯುವುದು ಬಹುತೇಕ ಅಸಾಧ್ಯ. ಕರ್ನಾಟಕದಲ್ಲಿ ಮೂರು ರೂಪಗಳು ಬಳಕೆಯಲ್ಲಿವೆ:

• ಸಂಘ: ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಕನಿಷ್ಠ 7 ಸದಸ್ಯರು ಸೇರಿ ರಚಿಸುವ ಸಂಸ್ಥೆ. ಸಹಕಾರ ಇಲಾಖೆಯ ಅಧಿಕಾರಿಗಳೇ ಇದರ ನೋಂದಣಾಧಿಕಾರಿಗಳು. ಸಂಘವು ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕಪತ್ರವನ್ನೂ ಸಲ್ಲಿಸಬೇಕು.
• ಟ್ರಸ್ಟ್: ಟ್ರಸ್ಟ್ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ ಸ್ಥಾಪಿಸುವ ಸಂಸ್ಥೆ. ರಚನೆ ಸುಲಭ, ಆದರೆ ಅಧಿಕಾರವು ಕೆಲವೇ ಟ್ರಸ್ಟಿಗಳಲ್ಲಿ ಉಳಿಯುತ್ತದೆ.
• ಸೆಕ್ಷನ್ 8 ಕಂಪನಿ: ಕಂಪನಿಗಳ ಕಾಯ್ದೆ, 2013ರ ಅಡಿಯಲ್ಲಿ ಲಾಭಾಂಶ ಹಂಚದೆ ನಡೆಯುವ ಕಂಪನಿ. ವಾರ್ಷಿಕ ಪಾಲನೆಯ ವೆಚ್ಚ ಹೆಚ್ಚು.

ಸಂಘ ಅಥವಾ ಟ್ರಸ್ಟಿನ ಧ್ಯೇಯೋದ್ದೇಶಗಳಲ್ಲಿ 'ಶಿಕ್ಷಣ' ಮತ್ತು 'ಕೌಶಲ ತರಬೇತಿ' ಸ್ಪಷ್ಟವಾಗಿ ಸೇರಿರಬೇಕು. ಕ್ರೀಡೆ ಅಥವಾ ಸಾಂಸ್ಕೃತಿಕ ಚಟುವಟಿಕೆಗೆಂದು ನೋಂದಣಿಯಾದ ಯುವ ಸಂಘವು ತಂತ್ರಜ್ಞಾನ ಶಿಕ್ಷಣಕ್ಕೆ ಹಣ ಕೇಳುವ ಮೊದಲು ತನ್ನ ಉದ್ದೇಶಗಳನ್ನು ವಿಧಿವತ್ತಾಗಿ ತಿದ್ದುಪಡಿ ಮಾಡಿಕೊಳ್ಳಬೇಕಾಗುತ್ತದೆ.

ತೆರಿಗೆ ಮತ್ತು ಇತರ ನೋಂದಣಿಗಳು

ಆದಾಯ ತೆರಿಗೆ ಕಾಯ್ದೆ, 1961ರ ವಿಧಿ ಸಂಖ್ಯೆಗಳಿಂದಲೇ ಪರಿಚಿತವಾದ ಎರಡು ನೋಂದಣಿಗಳು ಮುಖ್ಯವಾದವು. '12ಎ' (2021ರಿಂದ '12ಎಬಿ') ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ನೀಡುತ್ತದೆ. '80ಜಿ' ದಾನಿಗೆ ತೆರಿಗೆ ಕಡಿತದ ಸೌಲಭ್ಯ ಒದಗಿಸುತ್ತದೆ. ಹೊಸ ಸಂಸ್ಥೆಗೆ ಮೊದಲು ಮೂರು ವರ್ಷಗಳ ತಾತ್ಕಾಲಿಕ ನೋಂದಣಿ ದೊರೆಯುತ್ತದೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ 80ಜಿ ಸೌಲಭ್ಯ ಅನ್ವಯಿಸುವುದಿಲ್ಲವಾದ್ದರಿಂದ ಊರಿನ ದಾನಿಗಳಿಂದಲೂ ಬ್ಯಾಂಕ್ ಮೂಲಕವೇ ಹಣ ಪಡೆಯುವುದು ರೂಢಿ.

ಕೇಂದ್ರ ಸರ್ಕಾರದ ಯೋಜನೆಗಳಿಗೆ ಅರ್ಜಿ ಸಲ್ಲಿಸಲು ನೀತಿ ಆಯೋಗದ 'ಎನ್‌ಜಿಒ ದರ್ಪಣ' ಪೋರ್ಟಲ್‌ನ ಗುರುತಿನ ಸಂಖ್ಯೆ ಬೇಕು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಪಡೆಯಲು 2021ರ ಏಪ್ರಿಲ್ 1ರಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ 'ಸಿಎಸ್‌ಆರ್-1' ನಮೂನೆಯ ಮೂಲಕ ನೋಂದಾಯಿಸಿಕೊಳ್ಳುವುದು ಕಡ್ಡಾಯವಾಗಿದೆ.

ಮೂರು ವರ್ಷಗಳ ನಿಯಮ

ಸಿಎಸ್‌ಆರ್ ನಿಯಮಗಳ ಪ್ರಕಾರ ಕಂಪನಿಯು ತಾನೇ ಸ್ಥಾಪಿಸದ ಸಂಘ ಅಥವಾ ಟ್ರಸ್ಟಿನ ಮೂಲಕ ಹಣ ವ್ಯಯಿಸಬೇಕಾದರೆ ಆ ಸಂಸ್ಥೆಗೆ ಅದೇ ಬಗೆಯ ಕಾರ್ಯದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ ಇರಬೇಕು. ಹೊಸ ಗುಂಪಿಗೆ ಇದು ಮೊದಲ ದೊಡ್ಡ ತಡೆ: ಅನುಭವ ಗಳಿಸಲು ಹಣ ಬೇಕು, ಹಣ ಪಡೆಯಲು ಅನುಭವ ಬೇಕು. ಆರಂಭದ ವರ್ಷಗಳಲ್ಲಿ ನಡೆದ ಸಣ್ಣ ತರಗತಿಗಳ ಹಾಜರಿ ಪುಸ್ತಕ, ಸಭೆಯ ನಡವಳಿ, ಪರಿಶೋಧಿತ ಲೆಕ್ಕಪತ್ರಗಳೇ ಮುಂದೆ ಅನುಭವದ ಪುರಾವೆಗಳಾಗುವುದರಿಂದ ಅವುಗಳ ಸಂರಕ್ಷಣೆಗೆ ಮಹತ್ವವಿದೆ.

ಈ ಅವಧಿಯಲ್ಲಿ ಅರ್ಹತೆಯುಳ್ಳ ಹಿರಿಯ ಸಂಸ್ಥೆಯೊಂದಿಗೆ ಪಾಲುದಾರಿಕೆ ಮಾಡಿಕೊಳ್ಳುವುದು ಒಂದು ದಾರಿ. ಸಂಸತ್ತಿನ ಅಥವಾ ರಾಜ್ಯ ಶಾಸನಸಭೆಯ ಕಾಯ್ದೆಯಿಂದ ಸ್ಥಾಪಿತವಾದ ಸಂಸ್ಥೆಗಳೂ ಸಿಎಸ್‌ಆರ್ ಅನುಷ್ಠಾನ ಸಂಸ್ಥೆಗಳಾಗಬಹುದು. ಅವುಗಳಿಗೆ ಮೂರು ವರ್ಷಗಳ ಷರತ್ತು ಇಲ್ಲ. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯವು ಈ ವರ್ಗಕ್ಕೆ ಸೇರುತ್ತದೆ.

ಅನುದಾನದ ಮೂಲಗಳು

ಶಾಲೆಗಳಿಗೆ ದೊರೆಯುವ ಸರ್ಕಾರಿ ಅನುದಾನ

ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ಸ್ಥಾಪಿಸುತ್ತಿದೆ. 6ರಿಂದ 12ನೇ ತರಗತಿಯ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಈ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ ಒಟ್ಟು 20 ಲಕ್ಷ ರೂಪಾಯಿಗಳವರೆಗೆ ನೆರವು ನಿಗದಿಯಾಗಿತ್ತು: ಸ್ಥಾಪನೆಗೆ 10 ಲಕ್ಷ, ಐದು ವರ್ಷಗಳ ನಿರ್ವಹಣೆಗೆ 10 ಲಕ್ಷ. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂತಹ 50,000 ಲ್ಯಾಬ್‌ಗಳನ್ನು ಸ್ಥಾಪಿಸುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಲಾಯಿತು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕಂಪ್ಯೂಟರ್ ಪ್ರಯೋಗಾಲಯಕ್ಕೆ 6.40 ಲಕ್ಷ ರೂಪಾಯಿಗಳವರೆಗೆ ಒಂದಾವರ್ತಿ ಅನುದಾನವೂ ಐದು ವರ್ಷಗಳ ಕಾಲ ವಾರ್ಷಿಕ 2.40 ಲಕ್ಷ ರೂಪಾಯಿಗಳವರೆಗೆ ಆವರ್ತಕ ಅನುದಾನವೂ ನಿಗದಿಯಾಗಿವೆ.

ಈ ಆವರ್ತಕ ಮೊತ್ತವನ್ನು ತಿಂಗಳಿಗೆ ಹಂಚಿದರೆ ಟಿಂಕರಿಂಗ್ ಲ್ಯಾಬ್‌ಗೆ ಸುಮಾರು 16,700 ರೂಪಾಯಿ, ಕಂಪ್ಯೂಟರ್ ಪ್ರಯೋಗಾಲಯಕ್ಕೆ 20,000 ರೂಪಾಯಿ ಆಗುತ್ತದೆ. ಬೋಧಕರು, ವಿದ್ಯುತ್, ಇಂಟರ್ನೆಟ್, ಬಿಡಿಭಾಗಗಳೆಲ್ಲವೂ ಇದರಲ್ಲೇ ನಡೆಯಬೇಕು. ಈ ಹಣವು ಶಾಲೆಗೆ ಸಂದಾಯವಾಗುತ್ತದೆಯೇ ಹೊರತು ಸ್ವಯಂಸೇವಾ ಸಂಸ್ಥೆಗಲ್ಲ. ಸಂಸ್ಥೆಗಳು ಇಲ್ಲಿ ತರಬೇತುದಾರರನ್ನು ಒದಗಿಸುವ ಪಾಲುದಾರರಾಗಿ ಕೆಲಸ ಮಾಡಬಹುದು. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ ಅಥವಾ ಇಲಾಖೆಯ ಉಪನಿರ್ದೇಶಕರ ಅನುಮತಿ ಅಗತ್ಯ.

2017ರಿಂದ 2024ರ ಮಾರ್ಚ್‌ವರೆಗೆ ನಡೆದ ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು ಬೇರೆ ರೀತಿಯದು. ಅದರಲ್ಲಿ 20 ಗಂಟೆಗಳ ತರಬೇತಿ ಪಡೆದು ಪರೀಕ್ಷೆಯಲ್ಲಿ ಉತ್ತೀರ್ಣರಾದ ಪ್ರತಿ ಅಭ್ಯರ್ಥಿಗೆ 300 ರೂಪಾಯಿಯಂತೆ ತರಬೇತಿ ಸಂಸ್ಥೆಗೆ ಪಾವತಿಯಾಗುತ್ತಿತ್ತು. ಫಲಿತಾಂಶ ಬಂದ ಮೇಲೆ ಹಣ ನೀಡುವ ಇಂತಹ ಯೋಜನೆಗಳಲ್ಲಿ ಆರಂಭಿಕ ವೆಚ್ಚವನ್ನು ಸಂಸ್ಥೆಯೇ ಭರಿಸಬೇಕಾಗುತ್ತದೆ.

ಸ್ಥಳೀಯ ಸಂಸ್ಥೆಗಳು ಮತ್ತು ಗ್ರಂಥಾಲಯಗಳು

ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆಗಳು ಹಾಗೂ ಶಿರಹಟ್ಟಿ ಪಟ್ಟಣ ಪಂಚಾಯಿತಿಯ ಆಯವ್ಯಯಗಳು ಹೆಚ್ಚಾಗಿ ಗಮನಕ್ಕೆ ಬಾರದ ಮೂಲಗಳು. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ನಿಗದಿತ ನಿಧಿಗಳ ಶೇ. 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲ್ಯಾಣಕ್ಕೆ, ಶೇ. 7.25ರಷ್ಟನ್ನು ಇತರ ಬಡವರ ಕಲ್ಯಾಣಕ್ಕೆ ಮೀಸಲಿಡಬೇಕು. ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ವಿತರಣೆಗೆ ಈ ನಿಧಿಯನ್ನು ರಾಜ್ಯದ ಹಲವೆಡೆ ಬಳಸಲಾಗಿದೆ. ಸಂಸದರು ಮತ್ತು ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದಲೂ ಶಾಲೆಗಳಿಗೆ ಉಪಕರಣ ಒದಗಿಸಲು ಅವಕಾಶವಿದೆ. ಗದಗ, ಶಿರಹಟ್ಟಿ ಮತ್ತು ರೋಣ ವಿಧಾನಸಭಾ ಕ್ಷೇತ್ರಗಳು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ನರಗುಂದವು ಬಾಗಲಕೋಟೆಗೆ ಸೇರಿದೆ.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮುಖ್ಯವಾಗಿವೆ. 2019ರಲ್ಲಿ ಇವು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದವು. ಬಳಿಕ 'ಅರಿವು ಕೇಂದ್ರ'ಗಳೆಂದು ಹೆಸರಾದವು. ಪಂಚಾಯಿತಿ ಅನುದಾನ, ಗ್ರಂಥಾಲಯ ಕರ ಮತ್ತು ದೇಣಿಗೆಗಳನ್ನು ಒಟ್ಟುಗೂಡಿಸಿ ಇವುಗಳಿಗೆ ಕಂಪ್ಯೂಟರ್ ಒದಗಿಸಲಾಗಿದೆ. ಡೆಲ್ ಕಂಪನಿ ಮತ್ತು ಶಿಕ್ಷಣ ಫೌಂಡೇಶನ್ ಪಾಲುದಾರಿಕೆಯ 'ಗ್ರಾಮ ಡಿಜಿ ವಿಕಸನ' ಕಾರ್ಯಕ್ರಮವು ರಾಜ್ಯದ ಇಂತಹ ಗ್ರಂಥಾಲಯಗಳಲ್ಲಿ ಡಿಜಿಟಲ್ ಕಲಿಕೆಗೆ ನೆರವಾಗಿದೆ. ಕಟ್ಟಡ, ಮೇಲ್ವಿಚಾರಕರು ಮತ್ತು ವಿದ್ಯುತ್ ಸಂಪರ್ಕ ಮೊದಲೇ ಇರುವ ಸ್ಥಳಕ್ಕೆ ಅನುದಾನ ಸೇರುವುದರಿಂದ ಹೊಸ ಕೇಂದ್ರ ತೆರೆಯುವುದಕ್ಕಿಂತ ಇಲ್ಲಿ ಆವರ್ತಕ ಹೊರೆ ಕಡಿಮೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ

ಕಂಪನಿಗಳ ಕಾಯ್ದೆ, 2013ರ 135ನೇ ವಿಧಿಯು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದು ಮಿತಿಯನ್ನು ತಲುಪಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವ್ಯಯಿಸಬೇಕು. ಕಾಯ್ದೆಯ 7ನೇ ಅನುಸೂಚಿಯಲ್ಲಿ ಶಿಕ್ಷಣ ಮತ್ತು ಉದ್ಯೋಗ ಕೌಶಲಗಳು ಸೇರಿವೆ.

ಕಂಪನಿಗಳು ತಾವು ಕಾರ್ಯನಿರ್ವಹಿಸುವ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದು ಕಾಯ್ದೆ ಹೇಳುತ್ತದೆ. ರಾಜ್ಯದ ದೊಡ್ಡ ಕಂಪನಿಗಳು ಬೆಂಗಳೂರಿನ ಸುತ್ತ ಕೇಂದ್ರೀಕೃತವಾಗಿರುವುದರಿಂದ ಈ ಆದ್ಯತೆಯು ಗದಗದಂತಹ ಜಿಲ್ಲೆಗಳಿಗೆ ಪ್ರತಿಕೂಲವಾಗಿದೆ. ಆದರೆ ಗದಗ ಸುತ್ತಮುತ್ತ, ಕಪ್ಪತಗುಡ್ಡದ ಆಸುಪಾಸಿನಲ್ಲಿ ಗಾಳಿವಿದ್ಯುತ್ ಘಟಕಗಳಿದ್ದು, ಅವುಗಳ ಒಡೆತನದ ಕಂಪನಿಗಳಿಗೆ ಈ ಜಿಲ್ಲೆಯೇ ಕಾರ್ಯಪ್ರದೇಶವಾಗುತ್ತದೆ. ಸಿಎಸ್‌ಆರ್ ಹೊಣೆ 50 ಲಕ್ಷ ರೂಪಾಯಿ ಮೀರದ ಕಂಪನಿಗಳಿಗೆ ಪ್ರತ್ಯೇಕ ಸಮಿತಿ ಕಡ್ಡಾಯವಲ್ಲ. ಅಲ್ಲಿ ನಿರ್ದೇಶಕ ಮಂಡಳಿಯೇ ನಿರ್ಧರಿಸುತ್ತದೆ.

2021ರ ತಿದ್ದುಪಡಿಯ ಮೂರು ಅಂಶಗಳು ಸಣ್ಣ ಸಂಸ್ಥೆಗಳಿಗೆ ನೇರವಾಗಿ ಸಂಬಂಧಿಸಿವೆ:

• ಆಡಳಿತ ವೆಚ್ಚ: ಶೇ. 5ರ ಮಿತಿಯು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತ ವೆಚ್ಚಕ್ಕೆ ಅನ್ವಯಿಸುತ್ತದೆ. ಯೋಜನೆಯ ಅನುಷ್ಠಾನಕ್ಕೆ ನೇರವಾಗಿ ತಗಲುವ ವೆಚ್ಚ ಇದರಲ್ಲಿ ಸೇರುವುದಿಲ್ಲ. ಆದ್ದರಿಂದ ಬೋಧಕರ ವೇತನವನ್ನು ಯೋಜನಾ ವೆಚ್ಚವೆಂದು ತೋರಿಸಬಹುದು.
• ಬಹುವರ್ಷದ ಯೋಜನೆ: 'ಚಾಲ್ತಿ ಯೋಜನೆ' ಎಂದು ಘೋಷಿಸಿದ ಕಾರ್ಯಕ್ಕೆ ಖರ್ಚಾಗದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮುಂದಿನ ಮೂರು ಆರ್ಥಿಕ ವರ್ಷಗಳೊಳಗೆ ಬಳಸಬಹುದು.
• ಸ್ವತ್ತಿನ ಒಡೆತನ: ಸಿಎಸ್‌ಆರ್ ಹಣದಿಂದ ಖರೀದಿಸಿದ ಬಂಡವಾಳ ಸ್ವತ್ತು ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ಅದು ನೋಂದಾಯಿತ ಸಂಸ್ಥೆ, ಫಲಾನುಭವಿಗಳ ಗುಂಪು ಅಥವಾ ಸಾರ್ವಜನಿಕ ಪ್ರಾಧಿಕಾರದ ಒಡೆತನದಲ್ಲಿರಬೇಕು.

ಪ್ರತಿಷ್ಠಾನಗಳು

ಹುಬ್ಬಳ್ಳಿಯಲ್ಲಿ ನೆಲೆಗೊಂಡಿರುವ ದೇಶಪಾಂಡೆ ಫೌಂಡೇಶನ್ 2007ರಿಂದ 'ಸ್ಯಾಂಡ್‌ಬಾಕ್ಸ್' ಹೆಸರಿನಲ್ಲಿ ಉತ್ತರ ಕರ್ನಾಟಕದ ಸಾಮಾಜಿಕ ಉದ್ಯಮಗಳಿಗೆ ನೆರವಾಗುತ್ತಿದೆ. ಯುವಜನರಿಗೆ ಕೌಶಲ ತರಬೇತಿಯನ್ನೂ ನಡೆಸುತ್ತಿದೆ. ಗದಗದಿಂದ ಹುಬ್ಬಳ್ಳಿಗೆ ರೈಲಿನಲ್ಲಿ 58 ಕಿಲೋಮೀಟರ್ ದೂರವಿದ್ದು, ಪ್ರತಿಷ್ಠಾನದ ಸಿಬ್ಬಂದಿ ಕಾರ್ಯಕ್ರಮವನ್ನು ನೇರವಾಗಿ ನೋಡಲು ಬರುವಷ್ಟು ಸಮೀಪದಲ್ಲಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮತ್ತು ಇನ್ಫೋಸಿಸ್ ಫೌಂಡೇಶನ್‌ಗಳು ಶಿಕ್ಷಣ ಕ್ಷೇತ್ರದ ಪ್ರಮುಖ ದಾನಿ ಸಂಸ್ಥೆಗಳು. ಗ್ರಾಮೀಣ ಮಕ್ಕಳಿಗೆ ಪ್ರಯೋಗಾಧಾರಿತ ವಿಜ್ಞಾನ ಕಲಿಸುವ ಅಗಸ್ತ್ಯ ಇಂಟರ್‌ನ್ಯಾಷನಲ್ ಫೌಂಡೇಶನ್ ಹಣ ನೀಡುವ ಸಂಸ್ಥೆಯಲ್ಲ. ಆದರೆ ಕಾರ್ಯಕ್ರಮ ಪಾಲುದಾರರ ವರ್ಗಕ್ಕೆ ಸೇರುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಸಣ್ಣ ಪ್ರಮಾಣದ ಧನಸಹಾಯ ನೀಡುತ್ತದೆ.

ವಿದೇಶಿ ದೇಣಿಗೆ

ವಿದೇಶಿ ಮೂಲದ ಹಣಕ್ಕೆ ಎಫ್‌ಸಿಆರ್‌ಎ ಎಂದು ಪರಿಚಿತವಾದ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ನೋಂದಣಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಅಸ್ತಿತ್ವವೂ ಆ ಅವಧಿಯಲ್ಲಿ ಮೂಲ ಚಟುವಟಿಕೆಗಳಿಗೆ 15 ಲಕ್ಷ ರೂಪಾಯಿ ವ್ಯಯಿಸಿದ ದಾಖಲೆಯೂ ಬೇಕು. 2020ರ ತಿದ್ದುಪಡಿಯ ಪ್ರಕಾರ ಹಣವು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚವು ಶೇ. 20 ಮೀರಬಾರದು; ಪಡೆದ ಹಣವನ್ನು ಬೇರೆ ಸಂಸ್ಥೆಗೆ ವರ್ಗಾಯಿಸಬಾರದು. ಈ ಕೊನೆಯ ನಿಷೇಧಕ್ಕೆ ಮೊದಲು ನಗರದ ದೊಡ್ಡ ಸಂಸ್ಥೆಗಳು ವಿದೇಶಿ ಅನುದಾನದ ಭಾಗವನ್ನು ನೋಂದಾಯಿತ ಸಣ್ಣ ಸಂಸ್ಥೆಗಳಿಗೆ ಹಂಚಬಹುದಾಗಿತ್ತು. ಆ ದಾರಿ ಈಗ ಮುಚ್ಚಿದೆ. ವಿದೇಶಿ ಪೌರತ್ವ ಪಡೆದ ಹಳೆಯ ವಿದ್ಯಾರ್ಥಿಯೊಬ್ಬರು ಊರಿನ ಸಂಘಕ್ಕೆ ನೀಡುವ ದೇಣಿಗೆಗೂ ಈ ಕಾಯ್ದೆ ಅನ್ವಯಿಸುತ್ತದೆ. ಭಾರತೀಯ ಪೌರತ್ವ ಉಳಿಸಿಕೊಂಡ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸುವ ಹಣವನ್ನು ವಿದೇಶಿ ದೇಣಿಗೆಯೆಂದು ಪರಿಗಣಿಸುವುದಿಲ್ಲ.

ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್

ಲಾಭರಹಿತ ಸಂಸ್ಥೆಗಳು ಷೇರುಪೇಟೆಯ ವೇದಿಕೆಯಲ್ಲಿ ದೇಣಿಗೆ ಸಂಗ್ರಹಿಸಲು ಸೆಬಿ ಅವಕಾಶ ಕಲ್ಪಿಸಿದೆ. ಈ ವೇದಿಕೆಯಲ್ಲಿ ಮೊದಲು ನಿಧಿ ಸಂಗ್ರಹಿಸಿ ನೋಂದಾಯಿತವಾದದ್ದು ಯುವಜನರಿಗೆ ಉದ್ಯೋಗ ಕೌಶಲ ಕಲಿಸುವ ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್, 2023ರ ಡಿಸೆಂಬರ್‌ನಲ್ಲಿ. ಇದರಲ್ಲಿ ಪಾಲ್ಗೊಳ್ಳಲು ಸಂಸ್ಥೆಯ ವಾರ್ಷಿಕ ವೆಚ್ಚ ಕನಿಷ್ಠ 50 ಲಕ್ಷ ರೂಪಾಯಿ ಇರಬೇಕೆಂಬ ಷರತ್ತು ತಾಲ್ಲೂಕು ಮಟ್ಟದ ಸಂಸ್ಥೆಗಳನ್ನು ಬಹುಮಟ್ಟಿಗೆ ಹೊರಗಿಡುತ್ತದೆ.

ಸ್ಥಳೀಯ ದೇಣಿಗೆ

ಮಠಗಳು, ವರ್ತಕರು, ಹಳೆಯ ವಿದ್ಯಾರ್ಥಿಗಳು ಮತ್ತು ಶಾಲಾಭಿವೃದ್ಧಿ ಸಮಿತಿಗಳ ಕೊಡುಗೆಗಳು ಮೊತ್ತದಲ್ಲಿ ಸಣ್ಣವಾದರೂ ಷರತ್ತುಗಳಿಂದ ಹೆಚ್ಚು ಮುಕ್ತವಾಗಿರುತ್ತವೆ. ಕೊಠಡಿ, ಪೀಠೋಪಕರಣ, ವಿದ್ಯುತ್ ಬಿಲ್ಲಿನಂತಹ ಕೊಡುಗೆಗಳನ್ನು ಲೆಕ್ಕಪತ್ರದಲ್ಲಿ ದಾಖಲಿಸಿದರೆ, ಹೊರಗಿನ ದಾನಿಗಳ ಮುಂದೆ ಅವು ಸಮುದಾಯದ ಪಾಲಾಗಿ ಪರಿಗಣಿತವಾಗುತ್ತವೆ. ಸರ್ಕಾರಿ ಶಾಲೆಗಳಿಗೆ ಸ್ವಯಂಸೇವೆ ಮತ್ತು ವಸ್ತು ರೂಪದ ಕೊಡುಗೆ ನೀಡಲು ಕೇಂದ್ರ ಶಿಕ್ಷಣ ಸಚಿವಾಲಯದ 'ವಿದ್ಯಾಂಜಲಿ' ಪೋರ್ಟಲ್ ಇದೆ.

ಪ್ರಸ್ತಾವನೆ

ಅನುದಾನದ ಪ್ರಸ್ತಾವನೆಯಲ್ಲಿ ಸಾಮಾನ್ಯವಾಗಿ ಅಗತ್ಯದ ವಿವರಣೆ, ಫಲಾನುಭವಿಗಳು, ಕಾರ್ಯವಿಧಾನ, ವೇಳಾಪಟ್ಟಿ, ಆಯವ್ಯಯ, ಫಲಿತಾಂಶದ ಅಳತೆ ಮತ್ತು ಅನುದಾನದ ನಂತರದ ವ್ಯವಸ್ಥೆ ಎಂಬ ಭಾಗಗಳಿರುತ್ತವೆ. ಅಗತ್ಯವನ್ನು ತೋರಿಸಲು 'ಯುಡೈಸ್ ಪ್ಲಸ್' ದತ್ತಾಂಶವು ಉಪಯುಕ್ತ. ಅದರಲ್ಲಿ ಪ್ರತಿ ಶಾಲೆಯ ಕಂಪ್ಯೂಟರ್, ವಿದ್ಯುತ್ ಮತ್ತು ಇಂಟರ್ನೆಟ್ ಲಭ್ಯತೆಯ ವಿವರ ಇರುತ್ತದೆ. ದಾಖಲೆಯಲ್ಲಿ ಕಂಪ್ಯೂಟರ್ ಇದ್ದರೂ ಅದು ಕೆಟ್ಟು ನಿಂತಿರಬಹುದಾದ್ದರಿಂದ ಸ್ಥಳ ಪರಿಶೀಲನೆಯ ವರದಿಯನ್ನೂ ಲಗತ್ತಿಸುವುದು ವಾಡಿಕೆ.

ಈ ಭಾಗದ ಪ್ರಸ್ತಾವನೆಗಳಲ್ಲಿ ಗಮನಿಸಬೇಕಾದ ಸ್ಥಳೀಯ ಅಂಶಗಳು:

• ಪ್ರಯಾಣ: ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ವಿದ್ಯಾರ್ಥಿಗಳು ಮುಖ್ಯವಾಗಿ ಬಸ್ಸುಗಳನ್ನೇ ಅವಲಂಬಿಸಿದ್ದಾರೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದ್ದರೂ ತರಗತಿಯ ಸಮಯವು ಹಳ್ಳಿಗೆ ಮರಳುವ ಕೊನೆಯ ಬಸ್ಸಿಗೆ ಹೊಂದಿಕೆಯಾಗಬೇಕು.
• ವಿದ್ಯುತ್: ಜಿಲ್ಲೆಗೆ ಹೆಸ್ಕಾಂ ವಿದ್ಯುತ್ ಪೂರೈಸುತ್ತದೆ. ಯುಪಿಎಸ್ ಮತ್ತು ಅದರ ಬ್ಯಾಟರಿ ಬದಲಾವಣೆಯ ವೆಚ್ಚವನ್ನು ಆಯವ್ಯಯದಲ್ಲಿ ಪ್ರತ್ಯೇಕವಾಗಿ ತೋರಿಸಬೇಕಾಗುತ್ತದೆ.
• ಭಾಷೆ: ಬಹುಪಾಲು ಮಕ್ಕಳು ಕನ್ನಡ ಮಾಧ್ಯಮದವರಾದ್ದರಿಂದ ಯುನಿಕೋಡ್ ಕನ್ನಡದಲ್ಲಿ ಬೋಧನಾ ಸಾಮಗ್ರಿ ಸಿದ್ಧಪಡಿಸುವ ವೆಚ್ಚವೂ ಸೇರಬೇಕು.
• ತೆರಿಗೆ: ಕಂಪ್ಯೂಟರ್‌ಗಳಿಗೆ ಶೇ. 18ರಷ್ಟು ಜಿಎಸ್‌ಟಿ ಇದೆ. ಉಚಿತ ಶಿಕ್ಷಣ ನೀಡುವ ಸಂಸ್ಥೆಗೆ ಅದನ್ನು ಮರಳಿ ಪಡೆಯುವ ಅವಕಾಶವಿಲ್ಲದ ಕಾರಣ ತೆರಿಗೆ ಸೇರಿಸದ ದರಪಟ್ಟಿಯಿಂದ ಆಯವ್ಯಯ ಕೊರತೆಗೆ ಬೀಳುತ್ತದೆ.

ಫಲಿತಾಂಶದ ಅಳತೆಯಲ್ಲಿ 'ಇಷ್ಟು ಮಕ್ಕಳಿಗೆ ತರಬೇತಿ' ಎಂಬ ಸಂಖ್ಯೆಯೊಂದೇ ಸಾಲದು. ಕೊನೆಯವರೆಗೆ ಹಾಜರಾದವರ ಪ್ರಮಾಣ, ಹುಡುಗಿಯರ ಪಾಲು, ಮಕ್ಕಳು ಸ್ವತಃ ಮಾಡಿದ ಕೆಲಸ, ತರಬೇತಿ ಪಡೆದು ಮತ್ತೆ ಕಲಿಸಲು ಮುಂದಾದವರ ಸಂಖ್ಯೆ ಮುಂತಾದವನ್ನು ಆರಂಭದಲ್ಲೇ ನಿಗದಿಪಡಿಸಿಕೊಂಡರೆ ಮುಂದಿನ ವರದಿಗಳು ವಿಶ್ವಾಸಾರ್ಹವಾಗುತ್ತವೆ.

ಲೆಕ್ಕಪತ್ರ ಮತ್ತು ವರದಿ

ಅನುದಾನವು ಸಾಮಾನ್ಯವಾಗಿ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಕೇಂದ್ರ ಸರ್ಕಾರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳ '12-ಎ' ನಮೂನೆಯಲ್ಲಿ ಹಣ ಬಳಕೆ ಪ್ರಮಾಣಪತ್ರ ಸಲ್ಲಿಸಬೇಕು. ಹಿಂದಿನ ಪ್ರಮಾಣಪತ್ರ ಬಾಕಿ ಇದ್ದರೆ ಮುಂದಿನ ಕಂತು ತಡೆಹಿಡಿಯಲ್ಪಡುತ್ತದೆ. ಸಿಎಸ್‌ಆರ್ ಹಣಕ್ಕೆ ಕಂಪನಿಯ ಮುಖ್ಯ ಹಣಕಾಸು ಅಧಿಕಾರಿಯು ಹಣದ ಬಳಕೆಯನ್ನು ಪ್ರಮಾಣೀಕರಿಸಬೇಕಾಗಿರುವುದರಿಂದ ಕಂಪನಿಗಳು ರಸೀದಿ ಮತ್ತು ಬ್ಯಾಂಕ್ ವಿವರಗಳನ್ನು ಕೇಳುತ್ತವೆ. ಪ್ರತಿ ಅನುದಾನಕ್ಕೂ ಪ್ರತ್ಯೇಕ ಲೆಕ್ಕ, ಖರೀದಿಗೆ ದರಪಟ್ಟಿಗಳು, ಯಂತ್ರಗಳ ಕ್ರಮಸಂಖ್ಯೆ ಸಹಿತ ದಾಸ್ತಾನು ಪುಸ್ತಕ ಇಡುವುದು ಉತ್ತಮ ರೂಢಿ.

ವರದಿಗಳಲ್ಲಿ ಮಕ್ಕಳ ಭಾವಚಿತ್ರ ಮತ್ತು ವಿವರಗಳನ್ನು ಬಳಸುವಾಗ ಎಚ್ಚರಿಕೆ ಅಗತ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ದತ್ತಾಂಶ ಬಳಕೆಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಅಪೇಕ್ಷಿಸುತ್ತದೆ. ಮಕ್ಕಳೊಂದಿಗೆ ಕೆಲಸ ಮಾಡುವ ಸಂಸ್ಥೆಗಳಿಂದ ದಾನಿಗಳು ಮಕ್ಕಳ ರಕ್ಷಣಾ ನೀತಿಯನ್ನೂ ಕೇಳುತ್ತಾರೆ.

ಮಿತಿಗಳು ಮತ್ತು ಟೀಕೆ

ಅನುದಾನಾಧಾರಿತ ತಂತ್ರಜ್ಞಾನ ಶಿಕ್ಷಣದ ಬಗ್ಗೆ ಮೂರು ಟೀಕೆಗಳು ಮುಖ್ಯವಾಗಿವೆ. ಮೊದಲನೆಯದು, ಯಂತ್ರಗಳ ಕಡೆಗಿನ ಒಲವು: ಉದ್ಘಾಟನೆಗೆ ಒದಗುವ ಕಂಪ್ಯೂಟರ್ ಕೊಠಡಿಗೆ ಹಣ ದೊರೆಯುವಷ್ಟು ಸುಲಭವಾಗಿ ನಾಲ್ಕನೆಯ ವರ್ಷದ ಬೋಧಕರ ವೇತನಕ್ಕೆ ದೊರೆಯುವುದಿಲ್ಲ. ಎರಡನೆಯದು, ದಾಖಲೆಗಳ ಹೊರೆ: ನೋಂದಣಿ, ನವೀಕರಣ ಮತ್ತು ಲೆಕ್ಕಪರಿಶೋಧನೆಯ ವೆಚ್ಚ ದೊಡ್ಡ ಸಂಸ್ಥೆಗೂ ಸಣ್ಣ ಸಂಸ್ಥೆಗೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಕಡಿಮೆ ಹಣದಲ್ಲಿ ನಡೆಯುವ ಗುಂಪುಗಳಿಗೆ ಅದು ಹೆಚ್ಚು ಭಾರವಾಗುತ್ತದೆ. ಮೂರನೆಯದು, ಪ್ರಾದೇಶಿಕ ಅಸಮಾನತೆ: ವಿಶೇಷ ವಲಯಗಳ ಪಟ್ಟಿಯಲ್ಲೂ ಇಲ್ಲದ, ಕೈಗಾರಿಕೆಯೂ ದಟ್ಟವಾಗಿಲ್ಲದ ಜಿಲ್ಲೆಗಳು ಸರ್ಕಾರಿ ಆದ್ಯತೆ ಮತ್ತು ಕಂಪನಿಗಳ ಆದ್ಯತೆ ಎರಡರ ನಡುವೆ ಉಳಿದುಬಿಡುತ್ತವೆ.

ಇವುಗಳಿಗೆ ಪರಿಹಾರವಾಗಿ ಹಲವು ಮೂಲಗಳನ್ನು ಜೋಡಿಸುವ ಕ್ರಮ ರೂಢಿಯಲ್ಲಿದೆ. ಯಂತ್ರಗಳಿಗೆ ಸಿಎಸ್‌ಆರ್ ಅಥವಾ ಪುರಸಭೆಯ ನಿಧಿ, ಸ್ಥಳ ಮತ್ತು ವಿದ್ಯುತ್ತಿಗೆ ಶಾಲೆ ಅಥವಾ ಪಂಚಾಯಿತಿ, ಬೋಧಕರಿಗೆ ಪ್ರತಿಷ್ಠಾನದ ಬಹುವರ್ಷದ ನೆರವು, ದುರಸ್ತಿಗೆ ಊರಿನ ದೇಣಿಗೆ ಎಂದು ಹೊಣೆ ಹಂಚಿಕೆಯಾದರೆ ಒಂದು ಮೂಲ ನಿಂತರೂ ತರಗತಿ ನಿಲ್ಲುವುದಿಲ್ಲ. ಸರ್ಕಾರಿ ಶಾಲೆಯ ಶಿಕ್ಷಕರಿಗೂ ಹಿರಿಯ ವಿದ್ಯಾರ್ಥಿಗಳಿಗೂ ಕಲಿಸುವ ತರಬೇತಿ ನೀಡುವ ಕಾರ್ಯಕ್ರಮಗಳು ಅನುದಾನದ ಅವಧಿಯ ನಂತರವೂ ಮುಂದುವರಿಯುವ ಸಾಧ್ಯತೆ ಹೆಚ್ಚು.

ಇವನ್ನೂ ನೋಡಿ

• ಗದಗ ಜಿಲ್ಲೆ
• ಕಣಗಿನಹಾಳ
• ಸಮಗ್ರ ಶಿಕ್ಷಾ
• ಅಟಲ್ ಇನ್ನೋವೇಶನ್ ಮಿಷನ್
• ಕಂಪನಿಗಳ ಕಾಯ್ದೆ, 2013
• ಡಿಜಿಟಲ್ ಅಂತರ
• ಸ್ವತಂತ್ರ ತಂತ್ರಾಂಶ